ಮೂವತ್ತೆರಡನೇ ಸಹಿ

ನಮ್ಮಪ್ಪ ದರ್ಜಿ. ಅವರು ಟೇಪು ಹಿಡಿದು ಅಳತೆ ಕೂಗುವುದು, ನಾನು ಚೀಟಿಯಲ್ಲಿ ಬರೆದುಕೊಳ್ಳುವುದು, ಇದು ನಮ್ಮ ಅಂಗಡಿಯ ಪದ್ಧತಿ. ಕೂಗಿದ್ದು ಕೇಳಿಸಲಿ ಬಿಡಲಿ, ಎರಡನೇ ಸಲ ಕೇಳುವಂತಿರಲಿಲ್ಲ. "ಗಿರಾಕಿ ಎದುರಿಗೆ ಎರಡೆರಡು ಸಲ ಕೇಳಿದ್ರೆ ನಮ್ಮ ಕೆಲಸದ ಮೇಲೆ ನಂಬಿಕೆ ಹೋಗುತ್ತೆ ಮಗಳೇ" ಅನ್ನುತ್ತಿದ್ದರು. ಹಾಗೆ ಬೆಳೆದವಳು ನಾನು. ಮೊದಲೇ ಪುಕ್ಕಲಿ, ಮೇಲೆ ಈ ಪಾಠ ಬೇರೆ.

ವಿಶ್ವವಿದ್ಯಾಲಯದ ಮೊದಲ ದಿನ ಬಾಗಿಲಲ್ಲಿ ಕಾವಲುಗಾರನನ್ನು ಕೇಳಿದೆ, ಇತಿಹಾಸದ ಮೊದಲ ವರ್ಷ ಎಲ್ಲಿ ಎಂದು. "ಮೇಲೆ ಹೋಗಮ್ಮ, ಮೆಟ್ಟಿಲಿಂದ ಮೂರನೇ ಬಾಗಿಲು" ಅಂದ. ಆ ಕಟ್ಟಡಕ್ಕೆ ಆ ತುದಿಗೊಂದು ಈ ತುದಿಗೊಂದು ಮೆಟ್ಟಿಲಿತ್ತು. ಯಾವ ಮೆಟ್ಟಿಲು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಕಣ್ಣಿಗೆ ಬಿದ್ದದ್ದನ್ನು ಹತ್ತಿ ಮೂರು ಬಾಗಿಲು ಎಣಿಸಿ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಬಣ್ಣ ಬಳಿಯಲೆಂದು ಬಾಗಿಲುಗಳ ಮೇಲಿನ ಹೆಸರಿನ ಹಲಗೆಗಳನ್ನೆಲ್ಲ ಕಿತ್ತಿಟ್ಟಿದ್ದರು.

ಮೇಷ್ಟ್ರು ಚಿಕ್ಕ ವಯಸ್ಸಿನವರು, ತೆಳ್ಳಗಿದ್ದರು. ಅಂಗಿಯ ಕಾಲರು ಅರ್ಧ ಇಂಚು ದೊಡ್ಡದಾಗಿತ್ತು. ಒಂದು ಕಲ್ಲನ್ನು ಕೈಯಿಂದ ಕೈಗೆ ದಾಟಿಸಿ, ಇದಕ್ಕೆ ಇನ್ನೂರು ಕೋಟಿ ವರ್ಷ ವಯಸ್ಸು ಅಂದರು. ನನಗೆ ರೋಮಾಂಚನವಾಯಿತು. ದೊಡ್ಡ ಕಡೆ ಇತಿಹಾಸವನ್ನು ಬುಡದಿಂದಲೇ ಶುರು ಮಾಡುತ್ತಾರೆ ಅಂದುಕೊಂಡೆ. ರಾಜರು ಬರುವುದು ನಿಧಾನವಾಗಬಹುದು, ಬರಲಿ.

"ಪಾಠ ಎಲ್ಲಿಗೆ ಬಂತಮ್ಮ?" ಎಂದು ಅಪ್ಪ ಫೋನಿನಲ್ಲಿ ಕೇಳಿದರು.

"ಭೂಮಿ ಇನ್ನೂ ತಣ್ಣಗಾಗ್ತಾ ಇದೆ ಅಪ್ಪ."

"ನೋಡಿದ್ಯಾ, ಓದು ಅಂದ್ರೆ ಅದು!"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮನೆತನ ನಮ್ಮದು.

ಹಾಜರಿಯ ಹಾಳೆಯಲ್ಲಿ ಮೂವತ್ತೊಂದು ಹೆಸರು ಅಚ್ಚಾಗಿದ್ದವು. ನನ್ನದಿರಲಿಲ್ಲ. ಬಿಟ್ಟುಹೋಗಿರಬೇಕು ಎಂದು ಕೆಳಗೆ ನಾನೇ ಹೆಸರು ಬರೆದು ಸಹಿ ಹಾಕಿದೆ. ದಿನಾ ಹಾಗೇ ಮಾಡಿದೆ. ಮೇಷ್ಟ್ರು ಹಾಳೆ ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು, ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬೆಳಗಿನ ಭಾಷೆಯ ಪಾಠಗಳಿಗೆ ಮುನ್ನೂರು ಜನ ಒಂದೇ ಸಭಾಂಗಣದಲ್ಲಿ ಕೂರುತ್ತಿದ್ದೆವು, ಅಲ್ಲಿ ಯಾರು ಯಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೀಗಾಗಿ ನನ್ನ ತಪ್ಪನ್ನು ಹೇಳುವವರೇ ಇರಲಿಲ್ಲ.

ಎರಡನೇ ವಾರ ಮೇಷ್ಟ್ರು, "ಸೋಮವಾರ ಎಲ್ಲರೂ ಒಂದೊಂದು ಸುತ್ತಿಗೆ ತನ್ನಿ" ಅಂದರು. ಇತಿಹಾಸಕ್ಕೆ ಸುತ್ತಿಗೆ ಬೇಡ ಅನ್ನುವಷ್ಟು ಬುದ್ಧಿ ನನಗೂ ಇತ್ತು. ಇದು ಕಲ್ಲುಗಳ ಶಾಸ್ತ್ರ, ನಾನು ಬೇರೆಯವರ ತರಗತಿಯಲ್ಲಿ ಕೂತಿದ್ದೇನೆ! ಈಗಲೇ ಎದ್ದು ಹೋಗಬೇಕು. ಎದ್ದರೆ ಎಲ್ಲರೂ ತಿರುಗಿ ನೋಡುತ್ತಾರೆ. ಯಾಕಮ್ಮ ಅನ್ನುತ್ತಾರೆ. ಏನು ಹೇಳಲಿ? ಅಳೆದೂ ಸುರಿದೂ ನಾಲ್ಕು ದಿನ ಯೋಚಿಸಿ, ಹೋಗಿ ಒಂದು ಸುತ್ತಿಗೆ ಕೊಂಡೆ.

ಇನ್ನೂ ಮೂರು ವಾರ ಕಲ್ಲು ಒಡೆದೆ. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎನ್ನುತ್ತಲೇ ದಿನಗಳು ಹೋದವು. ತಡವಾದಷ್ಟೂ ನಾಚಿಕೆ ಹೆಚ್ಚಾಯಿತು, ನಾಚಿಕೆ ಹೆಚ್ಚಿದಷ್ಟೂ ತಡವಾಯಿತು. ಅಪ್ಪನ ಫೋನು ಬಂದರೆ ಅಳು ಬರುತ್ತಿತ್ತು. ಆರನೇ ವಾರದ ಮೊದಲ ಬೆಳಿಗ್ಗೆ ಸೂಚನಾ ಫಲಕದಲ್ಲಿ ಇತಿಹಾಸ ವಿಭಾಗದ ಪಟ್ಟಿ ಬಂತು: ಹಾಜರಿ ಇಲ್ಲದವರು ಇಂದು ಎರಡು ಗಂಟೆಯೊಳಗೆ ಕಾರಣ ತಿಳಿಸದಿದ್ದರೆ ಹೆಸರು ತೆಗೆಯಲಾಗುವುದು. ಮೊದಲ ಹೆಸರು ನನ್ನದು. ಎದುರಿಗೆ ಸೊನ್ನೆ.

ಕಚೇರಿಯ ಗುಮಾಸ್ತೆ ಕಡತದಿಂದ ತಲೆ ಎತ್ತಿದರು. "ಎಲ್ಲಮ್ಮ ಹೋಗಿದ್ದೆ ಇಷ್ಟು ದಿನ? ಹುಷಾರಿರಲಿಲ್ವಾ?"

"ಕ್ಲಾಸಲ್ಲೇ ಇದ್ದೆ ಮೇಡಂ."

"ಯಾವ ಕ್ಲಾಸಲ್ಲಿ?"

"ಕಲ್ಲು... ಕಲ್ಲಿನ ಕ್ಲಾಸಲ್ಲಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಂತ ಆ ಮೇಷ್ಟ್ರ ಹತ್ರ ಬರೆಸ್ಕೊಂಡು ಬಾ. ಆಮೇಲೆ ನೋಡೋಣ. ಎರಡು ಗಂಟೆ ದಾಟಿದ್ರೆ ನನ್ನ ಕೈಲೂ ಏನೂ ಆಗಲ್ಲ."

ಒಂದೂವರೆಗೆ ಮೇಷ್ಟ್ರ ಕೋಣೆಯ ಮುಂದೆ ನಿಂತೆ. ಒಳಗೆ ಕಲ್ಲು ತುಂಬಿದ ತಟ್ಟೆಗಳ ನಡುವೆ ಅವರು ಊಟದ ಡಬ್ಬಿ ತೆರೆದು ಕೂತಿದ್ದರು. ನನ್ನನ್ನು ಕಂಡದ್ದೇ ತಟ್ಟನೆ ಎದ್ದು ನಿಂತರು. ಮೇಷ್ಟ್ರು ಏಳುವುದೇ, ಅದೂ ನನ್ನನ್ನು ಕಂಡು!

"ಬನ್ನಿ, ಬನ್ನಿ, ಕೂತ್ಕೊಳ್ಳಿ" ಎಂದು ಕುರ್ಚಿಯ ಮೇಲಿನ ಕಲ್ಲುಗಳನ್ನು ಸರಿಸಿದರು. "ವರದಿ ಬರೆದಾಯ್ತಾ?"

"ಯಾವ ವರದಿ ಸರ್?"

"ನನ್ನ ಪಾಠದ ಬಗ್ಗೆ. ನೋಡಿ, ಮೊದಲನೇ ವಾರ ನಾನು ಸ್ವಲ್ಪ ಗಾಬರಿಯಲ್ಲಿದ್ದೆ, ಅದನ್ನ ದಯವಿಟ್ಟು..."

ನನಗೆ ತಲೆಬುಡ ತಿಳಿಯಲಿಲ್ಲ. ಅವರಿಗೂ ತಿಳಿದಂತೆ ಕಾಣಲಿಲ್ಲ. ನಿಧಾನವಾಗಿ ಗಂಟು ಬಿಡಿಸಿದೆವು. ಅವರಿಗೂ ಅದು ಮೊದಲ ವರ್ಷ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹೊಸ ಮೇಷ್ಟ್ರುಗಳ ತರಗತಿಯಲ್ಲಿ ಆಡಳಿತದವರು ಯಾರನ್ನಾದರೂ ಹಿಂದೆ ಕೂರಿಸುತ್ತಾರೆ ಎಂದು ಯಾರೋ ಕಿವಿ ಊದಿದ್ದರು. ಪಟ್ಟಿಯಲ್ಲಿ ಹೆಸರಿಲ್ಲದ ನಾನು ಕೊನೆಯ ಸಾಲಿನಲ್ಲಿ ಕೂತು, ಅವರು ಆಡಿದ ಪ್ರತಿ ಮಾತನ್ನೂ ಬರೆದುಕೊಂಡು, ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಹೋಗುತ್ತಿದ್ದೆ. ಐದು ವಾರ ಅವರು ನನಗೆ ಹೆದರಿಕೊಂಡು ಪಾಠ ಮಾಡಿದ್ದರು.

"ಯಾರಮ್ಮ ನೀನು ಅಂತ ಒಂದು ಸಲ ಕೇಳಿದ್ರೆ ಮುಗೀತಿತ್ತಲ್ಲ ಸರ್!" ಅಂದುಬಿಟ್ಟೆ. ಅಷ್ಟು ಜೋರಾಗಿ ನಾನು ಯಾರ ಹತ್ತಿರವೂ ಮಾತಾಡಿರಲಿಲ್ಲ.

"ನೀನೂ ಕೇಳಬಹುದಿತ್ತಲ್ಲ?" ಅಂದರು. 'ನೀವು' ಹೋಗಿ 'ನೀನು' ಆಗಿತ್ತು. ಇಬ್ಬರಿಗೂ ಉಸಿರು ಹಗುರವಾಯಿತು.

ಪತ್ರ ಬರೆದು ಸಹಿ ಹಾಕಿದರು. ಕೊಡುವ ಮುಂಚೆ ತಡೆದು, "ನಿಜ ಹೇಳು, ಪಾಠ ಹೇಗಿತ್ತು?" ಅಂದರು.

"ಚೆನ್ನಾಗಿತ್ತು ಸರ್. ಇಲ್ಲದಿದ್ರೆ ಸುತ್ತಿಗೆ ತಗೋತಿರಲಿಲ್ಲ."

ಅದು ಅರ್ಧ ಸುಳ್ಳು. ಅವರ ಮುಖ ಅರಳಿದ್ದು ಮಾತ್ರ ಪೂರ್ತಿ ನಿಜ.

ಎರಡಕ್ಕೆ ಐದು ನಿಮಿಷವಿರುವಾಗ ಗುಮಾಸ್ತೆ ಪತ್ರಕ್ಕೆ ಮೊಹರು ಒತ್ತಿದರು. "ಹೆಸರು ಉಳೀತು. ಇನ್ನು ಒಂದು ದಿನ ತಪ್ಪಿದ್ರೂ ಇಲ್ಲ. ಈಗಲೇ ಕ್ಲಾಸಿದೆ, ಓಡು." ನಾನು ಓಡಲಿಲ್ಲ. "ಯಾವ ಮೆಟ್ಟಿಲು ಮೇಡಂ?" ಎಂದು ಕೇಳಿದೆ. ತೋರಿಸಿದರು.

ಮೂರನೇ ಬಾಗಿಲು ತಟ್ಟಿದಾಗ ಅಧ್ಯಾಪಕಿ ಸೀಮೆಸುಣ್ಣ ಹಿಡಿದು ತಿರುಗಿದರು. ಐವತ್ತು ಮುಖಗಳು ನನ್ನ ಕಡೆ ತಿರುಗಿದವು. ಚೀಲದೊಳಗೆ ಸುತ್ತಿಗೆ ಜಗ್ಗುತ್ತಿತ್ತು.

"ಇದು ಇತಿಹಾಸ ಮೊದಲ ವರ್ಷಾನಾ ಮೇಡಂ?"

"ಹೌದಮ್ಮ."

ಅಪ್ಪನ ಮುಖ ಕಣ್ಣ ಮುಂದೆ ಬಂತು. ಕ್ಷಮಿಸಿ ಅಪ್ಪ ಅಂದುಕೊಂಡೆ.

"ಖಂಡಿತಾನಾ ಮೇಡಂ?"

ತರಗತಿಯೆಲ್ಲ ಗೊಳ್ಳೆಂದಿತು. ಆ ಗದ್ದಲದಲ್ಲಿ ಹಿಂದಿನ ಸಾಲಿನಿಂದ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಎದ್ದು, ಪುಸ್ತಕಗಳನ್ನು ಎದೆಗವಚಿಕೊಂಡು, ಯಾರನ್ನೂ ನೋಡದೆ ಬಾಗಿಲಿಗೆ ಬಂದಳು. ಮುಖ ಕೆಂಪಾಗಿತ್ತು.

"ಲೆಕ್ಕದ ಕ್ಲಾಸ್ ಎಲ್ಲಿ ಅಂತ ಗೊತ್ತಾ ನಿನಗೆ?" ಎಂದು ಪಿಸುಗುಟ್ಟಿದಳು.

"ಗೊತ್ತಿಲ್ಲ. ಕೆಳಗೆ ಕೇಳು" ಅಂದೆ. "ಎರಡು ಸಲ ಕೇಳು."

ಹೋಗಿ ಅವಳು ಬಿಟ್ಟ ಜಾಗದಲ್ಲಿ ಕೂತೆ.