ಮರಳೊಳಗಿನ ನೀರು

ನಮ್ಮ ಮನೆಯ ಮಕ್ಕಳಿಗೆ ಮೊದಲ ತುತ್ತಿನ ಅನ್ನವನ್ನು ಒರತೆಯ ನೀರಿನಲ್ಲೇ ಬೇಯಿಸಬೇಕು. ಅದಕ್ಕಾಗಿ ಅಜ್ಜಿ ಮುದ್ದಮ್ಮ ನಮ್ಮೂರು ಹದಿನಾರಿನಿಂದ ಬಸ್ಸು ಹಿಡಿದು ತಿ. ನರಸೀಪುರದ ಸಂಗಮಕ್ಕೆ ಹೋಗಿ, ಹೊಳೆಯ ಮರಳನ್ನು ಬರಿಗೈಯಲ್ಲಿ ಬಗೆಯುತ್ತಿದ್ದಳು. ಮೊಣಕೈ ಆಳದಲ್ಲಿ ನೀರು ಮೆಲ್ಲಗೆ ಕಣ್ಣು ಬಿಡುತ್ತಿತ್ತು. ಮೊದಲ ಕದಡು ನೀರು ಚೆಲ್ಲಿ, ತಿಳಿಯಾಗುವವರೆಗೂ ಕಾಯಬೇಕು. ಚಿಕ್ಕಂದಿನಲ್ಲಿ ನಾನು ಕೇಳಿದ ಕಥೆಗಳೆಲ್ಲ ಹಾಗೆ ಕಾಯುತ್ತ ಕೂತಾಗಿನವು.

“ಮೇಲಿನ ನೀರು ಎಲ್ರುಗೂವೆ ಕಣವ್ವಾ. ಒಳ್ಗಿಂದ ಮಾತ್ರ ಒಳೆತಾಯಿ ಮಡ್ಲಲ್ಲಿ ಬಚ್ಚಿಟ್ಕೊಂಡವ್ಳೆ. ಬಗ್ಗಿ ಕೇಳ್ದೋರ್ಗೆ ಕೊಡ್ತಾಳೆ.”

ಚೆಂಬು ತುಂಬಿದ ಮೇಲೆ ಆಟಕ್ಕೆಂದು ಗುಂಡಿ ಮುಚ್ಚಹೋದರೆ ನನ್ನ ಕೈಗೆ ಏಟು.

“ಬುಡು! ನಮ್ಮಿಂದೆ ಬರೋರು ಕುಡೀಬ್ಯಾಡ್ವಾ?”

ದಡ ಹತ್ತಿ ತಿರುಗಿ ನೋಡಿದರೆ ಗೊರವಂಕವೊಂದು ಆಗಲೇ ಅಲ್ಲಿ ಕೊಕ್ಕು ಅದ್ದಿರುತ್ತಿತ್ತು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಇಂದ್ರಾಣಿ ಚಿಕ್ಕಮ್ಮನ ಮಗುವಿಗೆ ಅನ್ನ ಮುಟ್ಟಿಸುವುದಿತ್ತು.

“ಫಿಲ್ಟರ್ ನೀರೈತಲ್ಲವ್ವಾ,” ಎಂದಳು ಚಿಕ್ಕಮ್ಮ.

“ನಿಂಗೂ ಒರತೆ ನೀರೇ ಕುಡ್ಸಿದ್ದು. ಸತ್ತೋದ್ಯಾ?” ಎಂದು ಅಜ್ಜಿ ಚೆಂಬು ಎತ್ತಿಕೊಂಡಳು. ಜೊತೆಗೆ ನಾನು ಹೊರಟೆ.

ಸಂಗಮದ ದಡದಲ್ಲಿ ಟೂರಿಸ್ಟ್ ಬಸ್ಸುಗಳು ಸಾಲುಗಟ್ಟಿದ್ದವು. ಮರಳಿನಲ್ಲೇ ಒಲೆ ಹೂಡಿ ಅಡುಗೆ ನಡೆದಿತ್ತು. ಮಿಂದವರು ಬಿಟ್ಟ ಬಟ್ಟೆಗಳು, ಎಂಜಲು ತಟ್ಟೆಗಳು ನೀರಿನಂಚಿಗೆ ಬಿದ್ದಿದ್ದವು. ಅಜ್ಜಿ ದೂರ ನಡೆದು ಕೂತು ಬಗೆದಳು. ಮೊದಲು ಶಾಂಪೂ ಪ್ಯಾಕೆಟ್ಟು ಬಂತು. ಆಮೇಲೆ ಕೊಳೆತ ಪಂಚೆಯ ಚೂರು. ನೀರೂ ಬಂತು, ಕಪ್ಪಗೆ, ಮೇಲೊಂದು ಎಣ್ಣೆಪೊರೆ. ಚೆಲ್ಲಿದಳು. ಕಾದಳು. ಇನ್ನೊಂದು ಕಡೆ ಬಗೆದಳು, ಅಲ್ಲೂ ಅದೇ.

ಸುಮ್ಮನೆ ಕೂರಲಾರದೆ ನಾನು ಹೊಳೆತಾಯಿಯ ಕಥೆ ಶುರು ಮಾಡಿದೆ.

“ಸುಮ್ಕಿರವ್ವಾ,” ಎಂದಳು.

ಸೆಲ್ಫೋನು ಹಿಡಿದ ಹೆಂಗಸೊಬ್ಬಳು ಬಂದು ಬಗ್ಗಿದಳು. “ಏನಜ್ಜಿ, ಏನ್ ಕಳ್ಕೊಂಡ್ರಿ? ಉಂಗುರಾನಾ?”

“ಊಂ ಕಣವ್ವಾ. ನಿಂಗೆಲ್ಲಾರಾ ಸಿಕ್ರೆ ಯೋಳು.”

ಬಿಸಿಲು ಇಳಿಯಿತು. ನೀರು ತಿಳಿಯಾಗಲಿಲ್ಲ. ಖಾಲಿ ಚೆಂಬನ್ನು ನನ್ನ ಕೈಗಿಟ್ಟು ಅಜ್ಜಿ ಎದ್ದಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದು ಮತ್ತೆ ಕುಕ್ಕರುಗಾಲಿನಲ್ಲಿ ಕೂತು, ಗುಂಡಿಗೆ ಮರಳು ತಳ್ಳತೊಡಗಿದಳು.

ನಾನು ಅವಳ ಕೈ ಹಿಡಿದುಕೊಂಡೆ. “ಅಜ್ಜೀ, ಮುಚ್ಚಬ್ಯಾಡ. ನಮ್ಮಿಂದೆ ಬರೋರು ಕುಡೀಬ್ಯಾಡ್ವಾ?”

“ಅದ್ಕೇ ಕಣವ್ವಾ,” ಎಂದಳು ಅಜ್ಜಿ, ಮೆಲ್ಲಗೆ ಕೈ ಬಿಡಿಸಿಕೊಂಡು.