ಮಾಯಣ್ಣನ ಕೊನೆಯ ಮ್ಯಾಗ್ನೆಟ್ಟು

ಶಾಫ್ಟನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿದರೆ ಈ ಮೋಟಾರೂ ತಡೆದು ತಡೆದು, ಜಗ್ಗಿಕೊಂಡು ಮುಂದೆ ಹೋಯಿತು. ವಸಂತ್ ಅದನ್ನು ಮೇಜಿನ ಮೇಲೆ ಕುಕ್ಕಿದ. ಆಸ್ಪತ್ರೆಯಲ್ಲಿ ರೋಗಿಗೆ ಹನಿಹನಿಯಾಗಿ ಔಷಧ ಬಿಡುವ ಪಂಪಿನ ಮೋಟಾರು. ಅದು ಎಡವಿದರೆ ಔಷಧವೂ ಎಡವುತ್ತದೆ. ಅದನ್ನು ತಯಾರಿಸಿದ ಚಾಮರಾಜಪೇಟೆಯ ಶೆಡ್ಡಿಗೆ ಇಡೀ ಲಾಟು ವಾಪಸ್ಸು ಬಂದಿತ್ತು.

ಹೊಸ ಇಂಜಿನಿಯರ್ ವಸಿಷ್ಠ ಮೋಟಾರು ತಯಾರಾಗುವ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ತಿರುಗುವಾಗ ಎಳೆತ ಎಷ್ಟು ಏರಿಳಿಯುತ್ತದೆಂದು ಗೆರೆ ತೋರಿಸಿದ್ದ. ಗೆರೆ ಹೆಚ್ಚುಕಡಿಮೆ ನೆಟ್ಟಗಿತ್ತು. ಈಗ ಅಳೆದರೆ ಗರಗಸದ ಹಲ್ಲು. ಬೆಳಗಿನಿಂದ ಅವನು ಲೆಕ್ಕವನ್ನು ಬದಲಿಸಿ ಬದಲಿಸಿ ನೋಡುತ್ತಿದ್ದ. ತಪ್ಪು ತಂತಿಯಲ್ಲಿರಲಿ, ಕಬ್ಬಿಣದಲ್ಲಿರಲಿ, ಆ ದರಿದ್ರ ಕಂಪ್ಯೂಟರಿನಲ್ಲೇ ಇರಲಿ ಎಂದು ವಸಂತ್ ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದ.

ಮೋಟಾರಿನೊಳಗೆ ತಿರುಗುವ ಉರುಳೆಗೆ ಮ್ಯಾಗ್ನೆಟ್ಟಿನ ತುಂಡುಗಳನ್ನು ಅಂಟಿಸುವವನು ವಸಂತನ ಅಪ್ಪ ಮಾಯಣ್ಣ. ಜಾಗ ಗುರುತಿಸುವ ಅಚ್ಚು ಗಿಚ್ಚು ಮುಟ್ಟುತ್ತಿರಲಿಲ್ಲ. ಕಣ್ಣಳತೆಯಲ್ಲಿ ಇಟ್ಟು, ಅಂಟು ಹಿಡಿಯುವ ತನಕ ಹೆಬ್ಬೆರಳಲ್ಲಿ ಒತ್ತಿ ಹಿಡಿಯುವುದೇ ಅವನ ರೀತಿ. ಈಚೆಗೆ ಪ್ರತಿ ಉರುಳೆಯ ಕೊನೆಯ ತುಂಡಿನ ಹೊತ್ತಿಗೆ ದಣಿದು ಆ ಕೈ ನಡುಗುತ್ತಿತ್ತು. ಮನೆಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲೂ ಒದ್ದಾಡುತ್ತಿದ್ದ. ಅದನ್ನು ನೋಡಿದ್ದವನು ವಸಂತ್ ಒಬ್ಬನೇ.

ಊಟದ ಹೊತ್ತಿಗೆ ವಸಿಷ್ಠ ಎಲ್ಲರನ್ನೂ ಕರೆದ. "ಕೊನೇ ಮ್ಯಾಗ್ನೆಟ್ ಒಂದನ್ನ ಒಂದ್ ಡಿಗ್ರಿ ಜರುಗಿಸಿ ನೋಡ್ದೆ, ನೋಡಿ." ಪರದೆಯ ಮೇಲೆ ಲೆಕ್ಕದ ಗೆರೆ, ಅಳತೆಯ ಗೆರೆ ಎರಡೂ ಒಂದರ ಮೇಲೊಂದು ಕೂತಿದ್ದವು. ಅವನ ಮುಖ ಅರಳಿತ್ತು. ಯಾರ ಮೇಲೂ ಅವನಿಗೆ ಹಗೆಯಿರಲಿಲ್ಲ. ಹಗೆಯಿದ್ದಿದ್ದರೆ ವಸಂತ್ ಅವನ ಕೊರಳಪಟ್ಟಿಯನ್ನಾದರೂ ಹಿಡಿಯಬಹುದಿತ್ತು.

ಈ ಲಾಟಿನಲ್ಲಿ ಕೊನೆಯದನ್ನು ಅಂಟಿಸಿದವರು ಯಾರೆಂದು ಯಜಮಾನರು ಶ್ರೀನಿವಾಸಯ್ಯ ಕೇಳಿದರು.

"ನಾನೇ ಸಾರ್," ಅಂದ ವಸಂತ್. "ಅವಸರ ಮಾಡ್ಬಿಟ್ಟೆ."

ಹಿಂದಿನಿಂದ ಅಪ್ಪನ ದನಿ ಬಂತು. "ಯಾಕ್ಲಾ ಸುಳ್ಳು ಹೇಳ್ತೀಯ? ಇವ್ನು ಒಂದ್ ತುಂಡೂ ಮುಟ್ಟಿಲ್ಲ ಸ್ವಾಮಿ. ಎಲ್ಲಾ ನನ್ ಕೈದೇ." ಆ ದನಿಯಲ್ಲಿ ನಾಚಿಕೆಯಿರಲಿಲ್ಲ. ಮುಗಿದ ಉರುಳೆಯನ್ನು ಬಂದವರಿಗೆ ತೋರಿಸುವಾಗಲೂ ಅವನು ಹೀಗೇ ಹೇಳುತ್ತಿದ್ದ.

ಶ್ರೀನಿವಾಸಯ್ಯ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಾಳೆಯಿಂದ ನಿನ್ ಜಾಗದಲ್ಲಿ ವಸಂತ ಕೂತ್ಕೊಳ್ಲಿ, ಮಾಯಣ್ಣ. ನೀನು ಡಬ್ಬ ಕಟ್ತಾ ಆರಾಮಾಗಿರು."

ವಸಂತನ ಬಾಯ್ತುಂಬ ಬೈಗುಳ ಬಂತು. ಯಾರಿಗೆ ಬೈಯುವುದು?

ಮಾಯಣ್ಣ ನಾಳೆಯ ತನಕ ಕಾಯಲಿಲ್ಲ. ಊಟ ಮುಗಿದದ್ದೇ ತಡ, ಮಗನನ್ನು ತನ್ನ ಸ್ಟೂಲಿನ ಮೇಲೆ ಕೂರಿಸಿ, ಉರುಳೆಗೆ ಅಂಟು ಸವರಿಸಿ, ಮ್ಯಾಗ್ನೆಟ್ಟಿನ ತುಂಡು ಇಡಿಸಿದ. "ಬೆರಳ ತುದೀಲಲ್ಲ. ಬುಡದಲ್ಲಿ ಒತ್ತು," ಎಂದು ಮಗನ ಹೆಬ್ಬೆರಳಿನ ಮೇಲೆ ತನ್ನ ಹೆಬ್ಬೆರಳಿಟ್ಟ. ಅಪ್ಪನ ನಡುಕ ಮೇಲಿನ ಬೆರಳಿಂದ ಕೆಳಗಿನ ಬೆರಳಿಗೆ ಇಳಿಯತೊಡಗಿತು. ವಸಂತ್ ಮೊಣಕೈಯನ್ನು ಮೇಜಿಗೆ ಊರಿ, ಉಸಿರು ಬಿಗಿಹಿಡಿದು, ಅಂಟು ಹಿಡಿಯುವ ತನಕ ಒತ್ತಿಕೊಂಡೇ ಇದ್ದ.