ಬಾಗಿಲು ತೆರೆಯದ ಬೆಳಿಗ್ಗೆ

ಮೂರನೆಯ ಸಲವೂ ಕೋಜಿ ಕೆಟ್ಟಿತು. ಸೋಯಾ ಕಾಳು ಹುದುಗಿಸಿ ಮಿಸೊ ಎಂಬ ಗೊಜ್ಜು ಮಾಡುವ ಕಾರ್ಖಾನೆಯಲ್ಲಿ ಕೋಜಿ, ಅಂದರೆ ಬೂಷ್ಟು ಹಿಡಿಸಿದ ಅಕ್ಕಿ, ಕೆಟ್ಟರೆ ಕೇಳುವ ಪ್ರಶ್ನೆ ಒಂದೇ. ಮ್ಯಾನೇಜರ್ ಒಗಿಸೊ ಅದನ್ನು ಎಲ್ಲರೆದುರೇ ಕೇಳಿದ.

"ಕುರಾಮೊಚಿ, ನಿಜ ಹೇಳು. ನಾಟ್ಟೊ ತಿಂದ್ಯಾ?"

ನಾಟ್ಟೊ ಎಂಬ ಹುದುಗಿಸಿದ ಅಂಟಂಟು ಕಾಳು ತಿಂದವನ ಉಸಿರು ತಾಗಿದರೂ ಕೋಜಿ ಹಾಳು. ಕೋಜಿ ಕೋಣೆಯ ಮುಖ್ಯಸ್ಥ ಕುರಾಮೊಚಿ ಮದುವೆಯಾದ ಮೇಲೆ ಅದನ್ನು ಮುಟ್ಟಿರಲಿಲ್ಲ. ಹೆಂಡತಿ ತವರಿಗೆ ಹೋಗಿ ತಿಂದು ಬರುತ್ತಿದ್ದಳು.

"ಇಲ್ಲ ಸಾರ್."

"ಪರದೆ ಮೇಲೆ ಶಾಖ ಸರಿಯಾಗೇ ಇದೆ. ಯಂತ್ರದ ತಪ್ಪಿಲ್ಲ ಅಂದ್ಮೇಲೆ ಉಳಿದೋನು ನೀನೇ. ಸಂಜೆಯೊಳಗೆ ಬೇರೆ ಕಾರಣ ಸಿಗ್ಲಿಲ್ವೋ, ನಾಳೆಯಿಂದ ಡಬ್ಬಿಗೆ ಚೀಟಿ ಅಂಟಿಸ್ತಾ ಕೂತ್ಕೋ."

ಪಶ್ಚಾತ್ತಾಪದ ಸೂಚನೆಯಾಗಿ ದಿನಾ ಬೆಳಿಗ್ಗೆ ನಡೆಯುವ ಸಾಮೂಹಿಕ ಕಸರತ್ತನ್ನೂ ಅವತ್ತು ಒಗಿಸೊ ರದ್ದು ಮಾಡಿದ.

ಶಾಖ ನಿಯಂತ್ರಿಸುವ ಯಂತ್ರದಲ್ಲಿ ಕಂಪ್ಯೂಟರ್ ವೈರಸ್ ಇದೆಯೇ ಎಂದು ನೋಡಲು ನಗೋಯಾದಿಂದ ಹಿಬಿನೊ ಎಂಬಾಕೆ ಬಂದಿದ್ದಳು. ಬಾಗಿಲಲ್ಲೇ ಅವಳಿಗೂ ಅದೇ ವಿಚಾರಣೆಯಾಯಿತು. ತಿಂಡಿಗೆ ನಾಟ್ಟೊ ತಿಂದಿದ್ದಳು. ಕೋಜಿ ಕೋಣೆಯ ಹೊಸ್ತಿಲು ದಾಟುವಂತಿಲ್ಲವಾಗಿ ಹೊರಗೆ ಪರದೆಯೆದುರು ಕೂತು, ಯಂತ್ರದೊಳಗಿನ ಪ್ರೋಗ್ರಾಮನ್ನು ಮೂಲಪ್ರತಿಯೊಂದಿಗೆ ಹೋಲಿಸಿದಳು. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

"ಆದ್ರೆ ಕೇಳಿದ್ದು ಆ ಯಂತ್ರವನ್ನೇ ಅಲ್ವಾ," ಎಂದಳು. "ಕಳ್ಳನ ಹತ್ರಾನೇ ಸಾಕ್ಷಿ ಕೇಳಿದ ಹಾಗೆ."

ಪಕ್ಕದಲ್ಲಿ ನಿಂತಿದ್ದ ಕುರಾಮೊಚಿ ಕಾರ್ಖಾನೆಯ ಪದ್ಧತಿಯಂತೆ ಪರದೆಗೆ ಬೆರಳು ತೋರಿಸಿ ಕೂಗಿದ: "ಶಾಖ ಮೂವತ್ನಾಲ್ಕು, ಸರಿ!" ಸ್ವಲ್ಪ ಹೊತ್ತಿಗೆ ಮತ್ತೆ: "ಅರ್ಧ ಡಿಗ್ರಿ ಇಳೀತು, ಸರಿ!"

"ಇಳಿದ್ರೆ ಹೇಗ್ರೀ ಸರಿ?"

"ದಿನಾ ಈ ಹೊತ್ತಿಗೆ ಇಳಿಯುತ್ತೆ ಮೇಡಂ. ಕಸರತ್ತಿಗೆ ಅಂಗಳಕ್ಕೆ ಹೋಗ್ತೀವಲ್ಲ, ದೊಡ್ಡ ಬಾಗಿಲು ತೆಗೀತಾರೆ, ಹಿಮದ ಗಾಳಿ ನುಗ್ಗುತ್ತೆ."

"ಇವತ್ತು ಕಸರತ್ತು ಆಯ್ತಾ?"

ಕುರಾಮೊಚಿ ಮುಚ್ಚಿದ್ದ ದೊಡ್ಡ ಬಾಗಿಲನ್ನು ನೋಡಿದ. ತೋರಿಸಿದ ಬೆರಳನ್ನು ಇಳಿಸುವುದು ಮರೆತುಹೋಯಿತು.

ಒಳಗೆ ಆಗಲೇ ಹೊಸ ಅಕ್ಕಿ ಹಾಕಿತ್ತು; ಹಾಕಿದ ಮೇಲೆ ಎರಡು ದಿನ ಕೋಣೆ ತೆರೆಯಬಾರದೆಂಬುದು ನಿಯಮ. ಅವನು ತೆರೆದ, ಗಾಜಿನ ಉಷ್ಣಮಾಪಕವನ್ನು ಅಕ್ಕಿಗೆ ಚುಚ್ಚಿದ. ನಲವತ್ತೇಳು ಡಿಗ್ರಿ.

ಹಿಬಿನೊ ಈಗ ಯಂತ್ರವನ್ನು ಕೇಳುವ ಗೋಜಿಗೆ ಹೋಗಲಿಲ್ಲ; ಅದರ ಹೊಟ್ಟೆ ಬಿಚ್ಚಿ ಒಳಗಿನ ಚಿಪ್ ಅನ್ನೇ ಕಿತ್ತು ನೇರವಾಗಿ ಓದಿದಳು. ವೈರಸ್ ಅಲ್ಲಿ ಆರಾಮಾಗಿ ಕೂತಿತ್ತು. ಹಿಂದೆಂದೋ ಒಂದು ದಿನದ ಅಂಕಿಗಳನ್ನು ಪರದೆಗೆ ಬಡಿಸುತ್ತ, ಒಳಗೆ ಕೋಜಿಯನ್ನು ಬೇಯಿಸುತ್ತಿತ್ತು.

ಒಗಿಸೊ ವರದಿಯನ್ನು ಎರಡು ಸಲ ಓದಿದ.

"ಹಾಗಾದ್ರೆ ನಾಟ್ಟೊ ಅಲ್ಲ."

"ಅಲ್ಲ ಸಾರ್."

"ಸರಿ, ಕೋಣೆ ನಿಂದೇ. ಆದ್ರೆ ನಾಳೆ ಗಿರಾಕಿಗಳ ಮುಂದೆ ಬಗ್ಗಿ ಕ್ಷಮೆ ಕೇಳೋನೂ ನೀನೇ."

"ತಪ್ಪು ಯಂತ್ರದ್ದಲ್ವಾ ಸಾರ್?"

"ಯಂತ್ರಕ್ಕೆ ಸೊಂಟ ಎಲ್ಲಿದೆಯಯ್ಯಾ?"

ಕುರಾಮೊಚಿ ಯೋಚಿಸಿದ. ಮಾತು ನ್ಯಾಯವಾಗಿಯೇ ಇತ್ತು. ಮರುದಿನ ಕಸರತ್ತಿನಲ್ಲಿ ಸೊಂಟ ಬಗ್ಗಿಸುವ ವರಸೆಯನ್ನು ಅವನು ಉಳಿದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಮಾಡಿದ.